ಹುಡುಗರ ಫೋನ್ ಬಿಡಿ, ಹೋಲ್‌ಸೇಲ್ ಬಿಲ್ ತೆಗೆಯಿರಿ

ಪೊಲೀಸರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಈ ಪ್ರೆಸ್‌ನೋಟ್ ಬೀಳದ ಜಿಲ್ಲೆ ಇರಲಿಕ್ಕಿಲ್ಲ: ಗಾಂಜಾ ಸೇವನೆ, ನಾಲ್ವರ ಬಂಧನ. ಜೊತೆಗೊಂದು ಫೋಟೊ. ಮೇಜಿನ ಮೇಲೆ ಪ್ಯಾಕೆಟ್, ಸಾಲಾಗಿ ನಿಂತ ಅಧಿಕಾರಿಗಳು, ಮುಂದೆ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ ಹುಡುಗರು. ಈಚೆಗೆ ಇದಕ್ಕೊಂದು ಸಾಲು ಸೇರಿಕೊಂಡಿದೆ: ‘ತಾಂತ್ರಿಕ ಮಾಹಿತಿ ಆಧರಿಸಿ’. ಆ ಮಾಹಿತಿ ಯಾರದು, ಹೇಗೆ ಸಿಕ್ಕಿತು ಅಂತ ಕೇಳುವವರಿಲ್ಲ.

ಮಾದಕ ವಸ್ತುವಿನ ಜಾಲ ಒಡೆಯಲು ಡಿಜಿಟಲ್ ಡೇಟಾ ಬಳಸಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಯಾರ ಡೇಟಾ ಎಂಬುದರಲ್ಲಿದೆ ತಕರಾರು. ನಶೆಗೆ ಬಿದ್ದವನ ಚಾಟ್ ಬೇಕು, ಸರಕು ಕಳಿಸಿದವನ ಇನ್‌ವಾಯ್ಸ್ ಬೇಡ ಅಂದರೆ ಅದನ್ನು ತನಿಖೆ ಅನ್ನಲಾಗದು.

2021ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಪೊಲೀಸರು ಬೈಕ್ ಸವಾರರನ್ನು ನಿಲ್ಲಿಸಿ ಅವರ ಫೋನಿನಲ್ಲಿ ‘ಗಾಂಜಾ’ ಅಂತ ಹುಡುಕಿದ ವಿಡಿಯೊ ದೇಶವೆಲ್ಲ ನೋಡಿತು. ಅದೇ ವರ್ಷ ಮಾರ್ಚಿನಲ್ಲಿ, ಬೆಂಗಳೂರಿನ ಡ್ರಗ್ಸ್ ಪ್ರಕರಣದಿಂದಲೇ ಬಂದ ಅರ್ಜಿಯೊಂದರಲ್ಲಿ ನಮ್ಮ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಸ್ಮಾರ್ಟ್‌ಫೋನ್ ಶೋಧಿಸಲು ವಾರೆಂಟ್ ಬೇಕು, ತುರ್ತಿದ್ದರೆ ಕಾರಣವನ್ನು ಬರೆದಿಡಬೇಕು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆದರೆ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಕೂತ ಹುಡುಗನಿಗೆ ಇದೆಲ್ಲ ಗೊತ್ತಿರುವುದಿಲ್ಲ. ‘ಲಾಕ್ ತೆಗಿಯೋ’ ಅಂದರೆ ತೆಗೆಯುತ್ತಾನೆ.

‘ಸಣ್ಣ ಮೀನು ಸಿಕ್ಕರೆ ತಾನೇ ದೊಡ್ಡ ಮೀನಿನ ದಾರಿ ಸಿಗೋದು?’ ಅಂತ ಅಧಿಕಾರಿಗಳು ಕೇಳುತ್ತಾರೆ. ಮಾತು ಸುಳ್ಳಲ್ಲ. ಖಚಿತ ಅನುಮಾನವಿದ್ದರೆ ವಾರೆಂಟ್ ತಂದು ಆತನ ಫೋನ್ ನೋಡಲಿ, ಬೇಡ ಅಂದವರ್ಯಾರು? ದೊಡ್ಡ ಮೀನು ನಿಜವಾಗಿ ಸಿಗುತ್ತಿದೆಯೇ ಎಂದು ತಿಳಿಯಲು ಒಂದು ದಾರಿಯಿದೆ. ಎನ್‌ಸಿಆರ್‌ಬಿಯ ವಾರ್ಷಿಕ ವರದಿಯಲ್ಲಿ ಎನ್‌ಡಿಪಿಎಸ್ ಪ್ರಕರಣಗಳು ಎರಡು ಭಾಗವಾಗಿ ಬರುತ್ತವೆ: ಸ್ವಂತ ಸೇವನೆಗೆ ಇಟ್ಟುಕೊಂಡದ್ದು, ಸಾಗಣೆಗೆ ಇಟ್ಟುಕೊಂಡದ್ದು. ನಿಮ್ಮ ಜಿಲ್ಲೆಯ ಲೆಕ್ಕವನ್ನೂ ಹೀಗೇ ಒಡೆದು ಕೇಳಿ. ಮೊದಲನೆಯದು ಏರುತ್ತಲೇ ಇದ್ದು ಎರಡನೆಯದು ಇದ್ದಲ್ಲೇ ಇದ್ದರೆ, ಇಷ್ಟೂ ಫೋನ್ ನೋಡಿ ಹತ್ತಿದ ಮೆಟ್ಟಿಲು ಎಷ್ಟು ಅಂತ ಗೊತ್ತಾಗುತ್ತದೆ.

ಡೇಟಾವನ್ನು ಸರಿಯಾದ ಕಡೆಯಿಂದ ಹಿಡಿದರೆ ಏನಾಗುತ್ತದೆ ಎಂದು ತೋರಿಸಿದವನು ನಮ್ಮ ಹಾಗೇ ಊರಿನ ಪತ್ರಿಕೆಗೆ ದುಡಿಯುತ್ತಿದ್ದ ಒಬ್ಬ ವರದಿಗಾರ. ಅಮೆರಿಕದ ವೆಸ್ಟ್ ವರ್ಜೀನಿಯಾ ಕಲ್ಲಿದ್ದಲು ಗಣಿಗಳ ರಾಜ್ಯ. ನೋವಿನ ಮಾತ್ರೆಯ ಚಟಕ್ಕೆ ಅಲ್ಲಿ ಊರಿಗೆ ಊರೇ ಬಲಿಯಾಗುತ್ತಿತ್ತು. ಚಾರ್ಲ್ಸ್‌ಟನ್ ಗೆಜೆಟ್-ಮೇಲ್ ಪತ್ರಿಕೆಯ ಎರಿಕ್ ಐರ್ ಚಟಕ್ಕೆ ಬಿದ್ದವರ ಬೆನ್ನು ಹತ್ತಲಿಲ್ಲ. ಔಷಧ ವಿತರಕ ಕಂಪನಿಗಳು ಯಾವ ಊರಿಗೆ ಎಷ್ಟು ಮಾತ್ರೆ ಕಳಿಸಿದವು ಎಂಬ ಲೆಕ್ಕದ ಬೆನ್ನು ಹತ್ತಿದರು. ಮುಚ್ಚಿಡಲು ಕಂಪನಿಗಳು ಕೋರ್ಟಿಗೂ ಹೋದವು. 2016ರ ಕೊನೆಗೆ ಲೆಕ್ಕ ಹೊರಬಿತ್ತು: ಆರು ವರ್ಷದಲ್ಲಿ ಆ ಪುಟ್ಟ ರಾಜ್ಯಕ್ಕೆ 78 ಕೋಟಿ ಮಾತ್ರೆ. ಕರ್ಮಿಟ್ ಎಂಬ ಊರಿನ ಜನಸಂಖ್ಯೆ 392. ಅಲ್ಲಿನ ಒಂದೇ ಮೆಡಿಕಲ್ ಶಾಪಿಗೆ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ಮಾತ್ರೆ! ಐರ್‌ಗೆ 2017ರ ಪುಲಿಟ್ಜರ್ ಬಂತು. ಮುಂದೆ ಮೂರು ದೊಡ್ಡ ವಿತರಕ ಕಂಪನಿಗಳು ಮತ್ತು ಜಾನ್ಸನ್ ಆ್ಯಂಡ್ ಜಾನ್ಸನ್ ಸೇರಿ 2,600 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಪ್ರತಿ ರವಾನೆಯ ಲೆಕ್ಕ ಸರ್ಕಾರದ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು.

ನಮ್ಮ ಸರ್ಕಾರದ ಕಂಪ್ಯೂಟರಿನಲ್ಲೂ ಇದೆ. ಗಾಂಜಾಕ್ಕೆ ಬಿಲ್ ಇರುವುದಿಲ್ಲ, ಆದರೆ ಮಾತ್ರೆಗೆ ಇರುತ್ತದೆ. 2018ರಲ್ಲಿ ಟ್ರಾಮಡಾಲ್ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬಂತು. ಈಗ ಟ್ಯಾಪೆಂಟಡಾಲ್‌ನ ಹಾವಳಿ. ಮುಂಬೈ ಕಂಪನಿಯೊಂದು ಇದಕ್ಕೆ ಕ್ಯಾರಿಸೊಪ್ರೊಡಾಲ್ ಬೆರೆಸಿ ಮಾಡಿದ ಮಾತ್ರೆ ಘಾನಾ, ನೈಜೀರಿಯಾದ ಬೀದಿ ತಲುಪಿದ್ದನ್ನು 2025ರ ಫೆಬ್ರುವರಿಯಲ್ಲಿ ಬಿಬಿಸಿ ಬಯಲು ಮಾಡಿದ ಮೇಲೆ, ಕೇಂದ್ರ ಸರ್ಕಾರ ಆ ಮಿಶ್ರಣದ ತಯಾರಿಕೆ, ರಫ್ತು ನಿಲ್ಲಿಸಿತು. ಟ್ಯಾಪೆಂಟಡಾಲ್ ಸ್ಟ್ರಿಪ್‌ಗಳನ್ನು ನಮ್ಮ ರಾಜ್ಯದ ಪೊಲೀಸರೂ ಹಿಡಿದಿದ್ದಾರೆ. ಆದರೆ ನಾನು ಕಂಡ ಪ್ರೆಸ್‌ನೋಟುಗಳಲ್ಲಿ ಆರೋಪಿಗಳ ವಯಸ್ಸು, ವಿಳಾಸ ಇರುತ್ತದೆ, ಸ್ಟ್ರಿಪ್ಪಿನ ಬ್ಯಾಚ್ ನಂಬರ್ ಇರುವುದಿಲ್ಲ.

ಬ್ಯಾಚ್ ನಂಬರ್ ಸಿಕ್ಕರೆ ಮಾಡಿದ ಕಂಪನಿ ಸಿಗುತ್ತದೆ. ಕಂಪನಿಯ ಬಿಲ್ಲಿನಲ್ಲಿ ಸ್ಟಾಕಿಸ್ಟ್, ಸ್ಟಾಕಿಸ್ಟನ ಬಿಲ್ಲಿನಲ್ಲಿ ಅಂಗಡಿ ಸಿಗುತ್ತದೆ. 50 ಸಾವಿರ ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಬೇಕು. ರಾಜ್ಯದೊಳಗಿನ ಸಾಗಣೆಗೆ ಇದನ್ನು 2018ರ ಏಪ್ರಿಲ್ 1ರಂದು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ಬಿಲ್ ವಾಣಿಜ್ಯ ತೆರಿಗೆಯವರ ಬಳಿ, ಲೈಸೆನ್ಸ್ ಡ್ರಗ್ ಇನ್‌ಸ್ಪೆಕ್ಟರ್ ಬಳಿ, ಎಫ್‌ಐಆರ್ ಠಾಣೆಯಲ್ಲಿ. ತಾಲ್ಲೂಕಿನ ಯಾವ ಅಂಗಡಿಗೆ ಅಳತೆ ಮೀರಿ ನಿದ್ರೆ ಮಾತ್ರೆ, ನೋವಿನ ಮಾತ್ರೆ ಬರುತ್ತಿದೆ ಎಂದು ತಿಳಿಯಲು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಅದಕ್ಕೆ ಯಾವ ಹುಡುಗನ ಫೋನೂ ಬೇಕಿಲ್ಲ.

ಇಲ್ಲೊಂದು ಎಚ್ಚರವೂ ಬೇಕು. ಶೆಡ್ಯೂಲ್ ಎಚ್1 ಔಷಧಗಳನ್ನು ಮಾರುವ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು ಬರೆದ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಅದರಲ್ಲಿ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರ ಹೆಸರೂ ಇರುತ್ತದೆ. ಆ ಪಟ್ಟಿ ಠಾಣೆಯ ಎಕ್ಸೆಲ್ ಶೀಟ್ ಸೇರಿದರೆ ಕಾಯಿಲೆಯವರು ಔಷಧ ಕೊಳ್ಳಲೂ ಹೆದರುತ್ತಾರೆ. ಅಂಗಡಿಗೆ ಬಂದ ಸ್ಟಾಕಿನ ಲೆಕ್ಕ ತೆಗೆಯಲಿ, ರೋಗಿಯ ಹೆಸರು ಮುಟ್ಟದಿರಲಿ.

ಈಗ ಚಟಕ್ಕೆ ಬಿದ್ದವರ ಮಾತು. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂಬ ನಿಯಮವಿದೆ. ಇದನ್ನು ಪ್ರೆಸ್‌ಮೀಟಿನಲ್ಲಿ ಯಾರೂ ಹೇಳುವುದಿಲ್ಲ. ಇದರ ಮೇಲೆ ಸಹಾಯವಾಣಿಗಳ ಗೊಂದಲ ಬೇರೆ. 14416 ಟೆಲಿ-ಮಾನಸ್, ಅದು ಮಾನಸಿಕ ಆರೋಗ್ಯದ್ದು. 2024ರ ಜುಲೈನಲ್ಲಿ ಬಂದ 1933ರ ಹೆಸರೂ ಮಾನಸ್, ಅದು ಎನ್‌ಸಿಬಿಯದ್ದು. ಮಾಹಿತಿ ಕೊಡುವವರೂ ಅಲ್ಲಿಗೆ, ಸಹಾಯ ಕೇಳುವವರೂ ಅಲ್ಲಿಗೆ. ಮಗನಿಗೆ ಚಿಕಿತ್ಸೆ ಕೊಡಿಸಬೇಕೆಂದಿರುವ ತಾಯಿಗೆ ಮಾದಕ ವಸ್ತು ನಿಯಂತ್ರಣ ಬ್ಯೂರೊದ ನಂಬರ್ ಒತ್ತಲು ಧೈರ್ಯ ಬರುತ್ತದೆಯೇ? ಅವಳಿಗೆ ಗೊತ್ತಿರಬೇಕಾದದ್ದು ವ್ಯಸನಮುಕ್ತಿಗೆಂದೇ ಇರುವ 14446. ಪೊಲೀಸರಿಗೆ ಸುಳಿವು ಕೊಡುವ ಬಾಗಿಲು ಬೇರೆ, ಚಿಕಿತ್ಸೆಯ ಬಾಗಿಲು ಬೇರೆ ಇರಬೇಕು. ನಡುವೆ ಕಿಂಡಿಯೂ ಇರಬಾರದು.

ಮುಂದಿನ ಪ್ರೆಸ್‌ಮೀಟಿಗೆ ಹೋಗುವ ಗೆಳೆಯರು ನಾಲ್ಕು ಪ್ರಶ್ನೆ ಒಯ್ಯಿರಿ. ಮಾತ್ರೆಯ ಬ್ಯಾಚ್ ನಂಬರ್ ಎಷ್ಟು? ಅದು ಯಾವ ಸ್ಟಾಕಿಸ್ಟನಿಂದ ಬಂತು? ಫೋನ್ ನೋಡಲು ವಾರೆಂಟ್ ಇತ್ತೇ? 64ಎ ಇದೆ ಅಂತ ಹುಡುಗರಿಗೆ ಹೇಳಿದಿರಾ? ಉತ್ತರ ಬರದಿದ್ದರೆ, ಉತ್ತರ ಬರಲಿಲ್ಲ ಅಂತಲೇ ಬರೆಯಿರಿ. ಅದೂ ಸುದ್ದಿಯೇ.