ಮಿತಾಕ್ಷರದ ಹೊಣೆ

ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಓದಿನ ನಡುವೆ, ವಾರಕ್ಕೆ ಹತ್ತೋ ಹನ್ನೆರಡೋ ಗಂಟೆ, ಅಧ್ಯಾಪಕರ ಬಳಿಯೋ ಸಂಶೋಧನ ಕೇಂದ್ರಗಳಲ್ಲೋ ದುಡಿಯುವ ಪದ್ಧತಿ ಈಗ ನಮ್ಮಲ್ಲಿಯೂ ಬೇರೂರಿದೆ. ಅವರ ಪಾಲಿಗೆ ಹಲವು ವೇಳೆ ಬರುವ ಕೆಲಸ ಇದು: ವಿದ್ವಾಂಸರು ಅರವತ್ತು ಪುಟಗಳಲ್ಲಿ, ಅಡಿಟಿಪ್ಪಣಿಗಳ ಕಾಡಿನೊಳಗೆ ಹೇಳಿದ್ದನ್ನು ಎರಡು ಪುಟಕ್ಕೆ ಇಳಿಸಿ, ಮಂತ್ರಿಯೋ ಶಾಸಕರೋ ಕಾರ್ಯದರ್ಶಿಯೋ ಓದಬಲ್ಲಂತೆ ಮಾಡುವುದು. ಹಿರಿಯರಲ್ಲಿ ಅನೇಕರು ಇದನ್ನು ಗುಮಾಸ್ತೆಯ ಕೆಲಸವೆಂದು ಎಣಿಸುತ್ತಾರೆ. ಈ ಎಣಿಕೆ ನನಗೆ ಒಪ್ಪಿಗೆಯಿಲ್ಲ. ನಾನು ಬೋಧಿಸುವುದು ಕನ್ನಡವನ್ನು, ಕಾನೂನನ್ನಲ್ಲ. ಆದರೂ ವ್ಯಾಖ್ಯಾನವೆಂದರೇನು, ಅದರಿಂದ ಏನೇನು ಆಗುತ್ತದೆ ಎಂಬುದು ಸಾಹಿತ್ಯದ ಮೇಷ್ಟರಿಗೆ ಅಷ್ಟಿಷ್ಟು ತಿಳಿದಿರುತ್ತದೆ.

ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನದ ಹೆಸರೇ ಮಿತಾಕ್ಷರಾ. ಹಿಂದಿನ ವ್ಯಾಖ್ಯಾನಕಾರನಾದ ವಿಶ್ವರೂಪನು ಹಬ್ಬಿಸಿ ಹೇಳಿದ್ದನ್ನು ತಾನು ನೇರವಾದ, ಅಳತೆಯ ಮಾತುಗಳಲ್ಲಿ ಎಳೆಯರಿಗೂ ತಿಳಿಯುವಂತೆ ಬಿಡಿಸುವುದು ಅವನ ಉದ್ದೇಶವಾಗಿತ್ತು. (ಗ್ರಂಥವೇನೂ ಚಿಕ್ಕದಾಗಲಿಲ್ಲವೆಂಬುದು ಬೇರೆ ಮಾತು!) ‘ಸಪಿಂಡ’ ಎಂಬ ಒಂದು ಪದಕ್ಕೆ ವಿಜ್ಞಾನೇಶ್ವರನು ಶರೀರಸಂಬಂಧವೆಂದು ಅರ್ಥ ಹೇಳಿದನು, ಬಂಗಾಳದ ಜೀಮೂತವಾಹನನು ಶ್ರಾದ್ಧದ ಪಿಂಡದ ಸಂಬಂಧವನ್ನು ಹಿಡಿದನು. ಮಗನಿಗೆ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕುಂಟೆಂದು ಒಬ್ಬನು, ತಂದೆಯ ಕಾಲಾನಂತರವೇ ಎಂದು ಇನ್ನೊಬ್ಬನು. ಇಷ್ಟರಿಂದ ಎಷ್ಟು ಮನೆಗಳ ಹೊಲಗದ್ದೆಗಳು ಯಾರ ಕೈಸೇರಬೇಕೆಂಬುದು ಶತಮಾನಗಳ ಕಾಲ ನಿರ್ಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕನು ಈ ಎರಡು ಗ್ರಂಥಗಳ ದಾಯಭಾಗದ ಪ್ರಕರಣಗಳನ್ನು ಇಂಗ್ಲಿಷಿಗೆ ತಂದ ಮೇಲೆ, ಸಂಸ್ಕೃತವರಿಯದ ನ್ಯಾಯಾಧೀಶರು ಅದನ್ನೇ ನೆಚ್ಚಿದರು. ಅಂದರೆ ತೀರ್ಪುಗಳಲ್ಲಿ ಮಾತನಾಡಿದ್ದು ಸ್ಮೃತಿಯಲ್ಲ. ಸ್ಮೃತಿಯ ವ್ಯಾಖ್ಯಾನದ ಭಾಷಾಂತರ. ವಿವರಿಸಿದವನ ಮಾತೇ ಕಾನೂನಾಯಿತು.

ಇಂದು ಎರಡು ಪುಟದ ಟಿಪ್ಪಣಿ ಬರೆಯುವ ಇಪ್ಪತ್ತು ವರ್ಷದ ಹುಡುಗಿ ಕುಳಿತಿರುವುದು ಇದೇ ಪೀಠದ ಒಂದು ಮೂಲೆಯಲ್ಲಿ. ಅವಳ ಕೆಲಸದ ಕಷ್ಟವೆಲ್ಲ ಇರುವುದು ಯಾವುದನ್ನು ಬಿಡಬೇಕೆಂಬಲ್ಲಿ. ಮೇಲಿನ ವಿಷಯವನ್ನೇ ಮುಂದುವರಿಸಿ ನೋಡೋಣ. 1994ರ ಕರ್ನಾಟಕದ ತಿದ್ದುಪಡಿ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಇದನ್ನು ‘ಹೆಣ್ಣುಮಕ್ಕಳಿಗೂ ಸಮಪಾಲು’ ಎಂದು ಎರಡೇ ಮಾತಿನಲ್ಲಿ ಹೇಳಬಹುದು. ಆದರೆ ಕಾಯಿದೆ ಜಾರಿಗೆ ಬರುವ ಮೊದಲೇ ಮದುವೆಯಾಗಿದ್ದ ಮಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. 1990ರಲ್ಲಿ ಗಂಡನ ಮನೆಗೆ ಹೋದವಳ ಪಾಲಿಗೆ ಆ ಎರಡು ಮಾತು ಶುದ್ಧ ಸುಳ್ಳು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೊಡೆಯಿತು. ಆಗ ಮತ್ತೊಂದು ಪ್ರಶ್ನೆ ಎದ್ದಿತು: ಅಂದು ತಂದೆ ಬದುಕಿರಬೇಕೆ? ಕರ್ನಾಟಕದಿಂದಲೇ ಹೋಗಿದ್ದ ಮೊಕದ್ದಮೆಯೊಂದರಲ್ಲಿ 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಬದುಕಿರಬೇಕು ಎಂದಿತು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬೇಕಿಲ್ಲವೆಂದಿತು. ನಡುವಿನ ಐದು ವರ್ಷ ಎಷ್ಟು ಹೆಣ್ಣುಮಕ್ಕಳ ದಾವೆಗಳು ತೂಗಾಡಿರಬಹುದು! ಸಂಗ್ರಹಿಸುವವರ ಕತ್ತರಿಗೆ ಮೊದಲು ಸಿಕ್ಕುವ ಮಾತುಗಳು ‘ಆದರೆ’, ‘ಹೊರತು’, ‘ಅಂದಿನಿಂದ’ ಎಂಬಂಥವು. ಕಾನೂನಿನ ಜೀವ ಇರುವುದು ಬಹುಮಟ್ಟಿಗೆ ಅವುಗಳಲ್ಲಿಯೇ.

ಇಷ್ಟು ಹೊಣೆಯನ್ನು ಎಳೆಯರಿಗೆ ಒಪ್ಪಿಸಬಹುದೆ? ಒಪ್ಪಿಸಬಹುದೆಂದೇ ನನ್ನ ನಂಬಿಕೆ. 2012ರ ಡಿಸೆಂಬರಿನಲ್ಲಿ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿಗೆ ಸುಮಾರು 80,000 ಸಲಹೆಗಳು ಬಂದವು. ವರದಿಯನ್ನು ಅದು 29 ದಿನಗಳಲ್ಲಿ ಮುಗಿಸಿತು. ಯುವ ವಕೀಲರೂ ಕಾನೂನು ಪದವೀಧರರೂ ಹೆಗಲು ಕೊಡದೆ ಇದು ಆಗುತ್ತಿರಲಿಲ್ಲ. ಆಕ್ಸ್‌ಫರ್ಡಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಬೇರೆ ಬೇರೆ ದೇಶಗಳ ಕಾನೂನುಗಳನ್ನು ಹೋಲಿಸಿ ಬರೆದುಕೊಟ್ಟರು. ನೆರವಾದ ಕಿರಿಯರ ಹೆಸರುಗಳನ್ನು ಸಮಿತಿ ತನ್ನ ಮುನ್ನುಡಿಯಲ್ಲಿ ಎತ್ತಿ ಹೇಳಿದೆ. ಅದು ದೊಡ್ಡತನ. ದಾಂಪತ್ಯದೊಳಗಿನ ಅತ್ಯಾಚಾರಕ್ಕೆ ಇರುವ ವಿನಾಯಿತಿಯನ್ನು ತೆಗೆಯಬೇಕೆಂಬ ಸಮಿತಿಯ ಸಲಹೆಯನ್ನು 2013ರ ತಿದ್ದುಪಡಿ ಒಪ್ಪಲಿಲ್ಲ. 2023ರ ನ್ಯಾಯಸಂಹಿತೆಯಲ್ಲೂ ಆ ವಿನಾಯಿತಿ ಉಳಿದಿದೆ. ಒಪ್ಪುವುದು ಬಿಡುವುದು ಸಂಸತ್ತಿಗೆ ಸೇರಿದ್ದು. ತಿಳಿಯದೆ ಹೀಗಾಯಿತೆಂದು ಮಾತ್ರ ಯಾರೂ ಹೇಳುವಂತಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗಲ್ಲ. ಟಿಪ್ಪಣಿಯ ಮೇಲೆ ಹೆಸರು ಗುರುಗಳದೋ ಸಂಸ್ಥೆಯದೋ. ವಿದ್ಯಾರ್ಥಿಗೆ ಒಂದು ಪ್ರಮಾಣಪತ್ರ. ಸಂಬಳವಿಲ್ಲದ ದುಡಿಮೆಯನ್ನು ಮಾಡಬಲ್ಲವರು ತಂದೆಯ ಹಣದಲ್ಲಿ ಬೆಂಗಳೂರಿನಲ್ಲಿ ಇರಬಲ್ಲವರೇ. ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆದು ಶುಲ್ಕ ಕಟ್ಟುವ ಹುಡುಗ ಸರಕಾರದ ಕಿವಿಯ ಹತ್ತಿರಕ್ಕೂ ಸುಳಿಯಲಾರ. ಇದು ಸಲ್ಲದು.

ಇನ್ನು ಭಾಷೆಯ ಮಾತು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕಾಯಿದೆ 1963ರದು. ವಿಧಾನಸೌಧದ ಚರ್ಚೆ ನಡೆಯುವುದು ಹೆಚ್ಚಾಗಿ ಕನ್ನಡದಲ್ಲಿ. ಆದರೆ ಆ ಚರ್ಚೆಗೆ ಒದಗಬೇಕಾದ ವಿದ್ವತ್ತಿನ ಸಂಗ್ರಹಗಳು ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಮುಗಿಯುತ್ತವೆ. ಪರಿಭಾಷೆಯಿಲ್ಲವೆಂಬುದು ಹಳೆಯ ನೆಪ. ದಾವೆ, ಫಿರ್ಯಾದಿ, ಕ್ರಯಪತ್ರ, ಪಹಣಿ, ಪೋಡಿ ಇವು ಯಾವ ರೈತನಿಗೆ ತಿಳಿಯವು? ನಮಗಿರುವ ಕೊರತೆ ಪದದ್ದಲ್ಲ, ವಾಕ್ಯದ್ದು. ಇಂಗ್ಲಿಷಿನ ಉಪವಾಕ್ಯಗಳನ್ನೆಲ್ಲ ‘ಉಳ್ಳಂಥ’, ‘ಆದಂಥ’ಗಳಲ್ಲಿ ಪೋಣಿಸಿ, ಓದುವವರ ಉಸಿರು ನಿಂತ ಮೇಲೆ ಕ್ರಿಯಾಪದವನ್ನು ತರುವ ಸರಕಾರಿ ಅನುವಾದವನ್ನು ಓದಿದವರಿಗೆ ನನ್ನ ಮಾತು ಅರ್ಥವಾದೀತು. ವಾಕ್ಯವನ್ನು ಒಡೆದು ಕಟ್ಟುವುದು ಕನ್ನಡ ಎಂ.ಎ. ವಿದ್ಯಾರ್ಥಿಗಳು ಕಲಿಯಬೇಕಾದ ವಿದ್ಯೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳು ಎರಡೂ ಭಾಷೆಗಳಲ್ಲಿ ಬರುತ್ತವೆ. ಕನ್ನಡದಲ್ಲಿ ಕಾನೂನನ್ನು ಯೋಚಿಸಬಲ್ಲ ತರುಣರು ಅಲ್ಲಿ ಇದ್ದಾರೆ. ಇವರಿಬ್ಬರನ್ನು ಒಂದು ಮೇಜಿನ ಮುಂದೆ ಕೂರಿಸಲು ಏನಡ್ಡಿ?

ಮಸೂದೆಯ ಕರಡನ್ನು ಕಡಮೆಯೆಂದರೆ 30 ದಿನ ಜನರ ಮುಂದಿಡಬೇಕು, ಜೊತೆಗೆ ಸರಳ ಭಾಷೆಯ ವಿವರಣೆಯಿರಬೇಕು ಎಂದು ಕೇಂದ್ರ ಸರಕಾರ 2014ರಲ್ಲಿ ತನ್ನ ಇಲಾಖೆಗಳಿಗೆ ಗೊತ್ತುಮಾಡಿತು. ನಮ್ಮ ರಾಜ್ಯದಲ್ಲಿ ಮುಂದೆ ಬರುವ ಯಾವುದಾದರೂ ಒಂದು ಭೂಮಸೂದೆಯನ್ನು ಎತ್ತಿಕೊಂಡು ಒಂದು ಕಾನೂನು ಕಾಲೇಜೂ ಒಂದು ಕನ್ನಡ ವಿಭಾಗವೂ ಈ ಕೆಲಸವನ್ನು ಮಾಡಿ ನೋಡಲಿ: ಎರಡು ಪುಟ, ‘ಆದರೆ’ಗಳೆಲ್ಲ ಸ್ವಸ್ಥಾನದಲ್ಲಿ, ಕೆಳಗೆ ಬರೆದ ಇಬ್ಬರು ವಿದ್ಯಾರ್ಥಿಗಳ ರುಜು.