ಗಾಲಿಮನೆಯ ಕಾಫಿಗೆ ಯಂತ್ರವೇಕೆ?

ಕಾಫಿ ಕಾಯಿಸಲು ಬೇಕಾದದ್ದು ಮೂರೇ: ಹದವಾಗಿ ಹುರಿದು ಬೀಸಿದ ಪುಡಿ, ಕುದಿಯುವ ನೀರು, ಚರಟವನ್ನು ತಡೆದು ರಸವನ್ನು ಬಿಡುವ ಒಂದು ಸೋಸುವ ಸಾಧನ. ಈ ಮೂರರ ಸುತ್ತ ಕಳೆದ ಐವತ್ತು ವರ್ಷಗಳಲ್ಲಿ ಬೆಳೆದಿರುವ ವ್ಯಾಪಾರವನ್ನು ನೋಡಿದರೆ, ಯಂತ್ರಗಳು ಬರುವವರೆಗೆ ಮನುಷ್ಯನಿಗೆ ಕಾಫಿ ಕುಡಿಯುವುದೇ ತಿಳಿದಿರಲಿಲ್ಲವೇನೋ ಎಂಬ ಭ್ರಮೆ ಹುಟ್ಟುತ್ತದೆ. ಮನೆಗಳನ್ನೂ ಕಚೇರಿಗಳನ್ನೂ ಗೆದ್ದ ಆ ವ್ಯಾಪಾರ ಈಗ ಗಾಲಿಗಳ ಮೇಲಿನ ಮನೆಯನ್ನೂ ಹೊಕ್ಕಿದೆ.

ಗಾಲಿಮನೆ ಎಂದರೆ ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿಗೆ ಒಂದು ತೊಟ್ಟಿ ಇರುವ ಕ್ಯಾಂಪರ್ ವ್ಯಾನ್. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳೊಳಗೆ ಇಂಥ ಸಜ್ಜನ್ನು ಕೂಡಿಸತೊಡಗಿದಾಗ ಅದು ಕಡಿಮೆ ಸಾಮಾನಿನಲ್ಲಿ ಊರು ಸುತ್ತುವವರ ಬಂಡಿಯಾಗಿತ್ತು. ಭಾರತದಲ್ಲಿ ಅದು ಈಗ ಸರ್ಕಾರಿ ಯೋಜನೆಯ ವಿಷಯ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮವನ್ನು ಘೋಷಿಸಿತು. 2022ರಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ತಂಗುದಾಣ ವಾಗಮಣ್ ಬೆಟ್ಟದಲ್ಲಿ ತೆರೆಯಿತು. ಸಮುದ್ರ ತೀರದಲ್ಲಲ್ಲ, ಬಯಲಿನಲ್ಲಲ್ಲ, ಪಶ್ಚಿಮಘಟ್ಟದ ನೆತ್ತಿಯ ಮೇಲೆ. ಇಂದು ಅಲ್ಲಿ ನಡೆಯುವುದು ನಾಳೆ ಚಂದ್ರದ್ರೋಣದ ತಪ್ಪಲಿನಲ್ಲಿಯೂ ನಡೆಯದಿರಲು ಕಾರಣವಿಲ್ಲ.

ಹಾಗಿರುವಾಗ ಗಾಲಿಮನೆಯವರು ಯಾವ ಸಾಧನದಲ್ಲಿ ಕಾಫಿ ಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಅವರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಕುಡಿಯುವವರು ಮರುದಿನ ಮುಂದಿನ ಊರಿಗೆ ಹೋಗುತ್ತಾರೆ. ಅವರ ಕಾಫಿಯ ಉಳಿಕೆ ಮಾತ್ರ ಬೆಟ್ಟದಲ್ಲೇ ಇರುತ್ತದೆ.

ಲಂಗೋಟಿ ಕಾಯಲು ಸಾಕಿದ ಬೆಕ್ಕು

ಮಾರುಕಟ್ಟೆಯು ಗಾಲಿಮನೆಗೆ ಶಿಫಾರಸು ಮಾಡುವ ಸಾಧನಗಳಲ್ಲಿ ಗುಂಡಿ ಒತ್ತಿದರೆ ಕಾಫಿ ಸುರಿಸುವ ಕ್ಯಾಪ್ಸೂಲ್ ಯಂತ್ರಕ್ಕೆ ಅಗ್ರಸ್ಥಾನ. ಇಂಥ ಯಂತ್ರ ಸಾಮಾನ್ಯವಾಗಿ 1200ರಿಂದ 1500 ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. 5 ವ್ಯಾಟಿನ 240 ಎಲ್‌ಇಡಿ ದೀಪಗಳನ್ನು ಒಟ್ಟಿಗೆ ಹೊತ್ತಿಸಿದಷ್ಟು! ವ್ಯಾನಿನಲ್ಲಿರುವುದು 12 ವೋಲ್ಟಿನ ಬ್ಯಾಟರಿ. 1200 ವ್ಯಾಟ್ ಬೇಕೆಂದರೆ ಅದರಿಂದ 100 ಆಂಪಿಯರ್ ಹರಿಯಬೇಕು. ಇನ್ವರ್ಟರಿನಲ್ಲಾಗುವ ನಷ್ಟ ಸೇರಿದರೆ ಅದಕ್ಕಿಂತಲೂ ಹೆಚ್ಚು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಇಂಥ ದುಡಿಮೆಗಾಗಿ ಮಾಡಿದ್ದಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತಾ ಹೋದರೆ ಅದರ ಆಯುಸ್ಸೇ ಕುಗ್ಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಒಂದು ಲೋಟ ಕಾಫಿಗೆ ಬೇಕಾಗುವ ಒಟ್ಟು ಶಕ್ತಿ ದೊಡ್ಡದಲ್ಲ. ದೊಡ್ಡದು ಒಮ್ಮೆಗೇ ಬೇಡುವ ಆ ರಭಸ. ಅದನ್ನು ತಾಳಿಕೊಳ್ಳಲು ದೊಡ್ಡ ಇನ್ವರ್ಟರ್ ಬೇಕು. ಅದಕ್ಕೆ ಲಿಥಿಯಂ ಬ್ಯಾಟರಿ ಬೇಕು. ಅದನ್ನು ತುಂಬಲು ಚಾವಣಿಯ ಮೇಲೆ ಸೌರಫಲಕ ಬೇಕು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಂಥ ಕಡೆ ಆಷಾಢದಲ್ಲಿ ಸೂರ್ಯನನ್ನು ನಂಬುವಂತಿಲ್ಲವಾದ್ದರಿಂದ ತಂಗುದಾಣದಲ್ಲಿ ವಿದ್ಯುತ್ ಸಂಪರ್ಕ ಬೇಕು. ಕರೆಂಟು ಕೈಕೊಟ್ಟರೆ ಜನರೇಟರ್ ಬೇಕು. ಲಂಗೋಟಿಯನ್ನು ಇಲಿಯಿಂದ ಕಾಯಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವನ್ನು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕಥೆ ಎಲ್ಲರಿಗೂ ಗೊತ್ತು. ಸರಳವಾಗಿ ಬದುಕುತ್ತೇವೆಂದು ಮನೆ ಬಿಟ್ಟು ಹೊರಟವರು ಒಂದು ಲೋಟ ಕಾಫಿಯಿಂದಾಗಿ ಅದೇ ದಾರಿ ಹಿಡಿಯುತ್ತಿದ್ದಾರೆ.

ಒಂದು ಗ್ರಾಮಿನ ಹಿಂದಿರುವ ಬೆಟ್ಟ

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಒಂದು ಅಲ್ಯೂಮಿನಿಯಂ ಕ್ಯಾಪ್ಸೂಲಿನಲ್ಲಿ ಇರುವುದು 5-6 ಗ್ರಾಂ ಕಾಫಿ ಪುಡಿ. ಅದನ್ನು ಸುತ್ತಿರುವ ಲೋಹ ಸುಮಾರು 1 ಗ್ರಾಂ. ಇಬ್ಬರು ದಿನಕ್ಕೆ ಎರಡೆರಡು ಬಾರಿ ಕುಡಿದರೆ ವರ್ಷಕ್ಕೆ 1,460 ಕ್ಯಾಪ್ಸೂಲುಗಳು, ಅಂದರೆ ಸುಮಾರು ಒಂದೂವರೆ ಕಿಲೋ ಅಲ್ಯೂಮಿನಿಯಂ. ಒಂದು ಕಿಲೋ ಅಲ್ಯೂಮಿನಿಯಂ ತಯಾರಿಸಲು ಸುಮಾರು ನಾಲ್ಕು ಕಿಲೋ ಬಾಕ್ಸೈಟ್ ಅದಿರು ಬೇಕು. ಕರಗಿಸುವ ಹಂತದಲ್ಲಿ 14-15 ಯೂನಿಟ್ ವಿದ್ಯುತ್ ಬೇಕು. ಜೊತೆಗೆ ಕ್ಷಾರಭರಿತ ಕೆಂಪು ಕೆಸರು ಉಳಿಯುತ್ತದೆ. ಒಂದೇ ಗಾಲಿಮನೆಯ ಒಂದು ವರ್ಷದ ಕಾಫಿ ಹೊದಿಕೆಗೆ ಹೀಗೆ ಆರು ಕಿಲೋ ಅದಿರು, ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ವಿದ್ಯುತ್.

ಬಾಕ್ಸೈಟ್ ಇರುವುದು ಬಹುಪಾಲು ಬೆಟ್ಟಗಳ ನೆತ್ತಿಯಲ್ಲಿ. ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧ ಜನರಿಗೆ ಇದು ಚೆನ್ನಾಗಿ ಗೊತ್ತು. ತಾವು ದೈವವೆಂದು ಪೂಜಿಸುವ ಬೆಟ್ಟವನ್ನು ಬಾಕ್ಸೈಟಿಗಾಗಿ ಅಗೆಯಬಾರದೆಂದು ಅವರು ಹೋರಾಡಿದರು. ತೀರ್ಮಾನವನ್ನು ಗ್ರಾಮಸಭೆಗಳಿಗೇ ಬಿಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತು. ಅದೇ ವರ್ಷ ಸೇರಿದ 12 ಗ್ರಾಮಸಭೆಗಳೂ ಗಣಿಯನ್ನು ತಿರಸ್ಕರಿಸಿದವು. ಆ ಬೆಟ್ಟದ ಅದಿರು ಕಾಫಿ ಕ್ಯಾಪ್ಸೂಲಿಗೇ ಹೋಗುತ್ತಿತ್ತು ಎಂದು ಇದರ ಅರ್ಥವಲ್ಲ. ಆದರೆ ಲೋಹವೆಂಬುದು ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ, ಯಾರೋ ಬಾಳುತ್ತಿರುವ ಬೆಟ್ಟದಲ್ಲಿ ಹುಟ್ಟುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅಂಥ ಲೋಹವನ್ನು ಅರ್ಧ ನಿಮಿಷ ಬಳಸಿ ಎಸೆಯುವುದಕ್ಕೆ ಅನುಕೂಲವೆಂಬ ಹೆಸರಿಟ್ಟ ಮಾತ್ರಕ್ಕೆ ಅದು ಅಪವ್ಯಯವಾಗದೆ ಇರುವುದಿಲ್ಲ.

ಕ್ಯಾಪ್ಸೂಲಿನ ಪರವಾಗಿ ಕೇಳಿಬರುವ ವಾದಗಳು ಮೂರು. ಪುಡಿಯನ್ನು ಅಳೆದು ತುಂಬಿರುವುದರಿಂದ ಕಾಫಿ ವ್ಯರ್ಥವಾಗುವುದಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ, ಕಾಫಿ ಬೆಳೆಯಲು ತಗಲುವ ನೀರು, ಗೊಬ್ಬರ, ಶ್ರಮಗಳನ್ನು ಬಲ್ಲವರು ಒಂದು ಚಿಟಿಕೆ ಪುಡಿಯನ್ನೂ ಹಗುರವಾಗಿ ಕಾಣಲಾರರು. ಆದರೆ ಅಳೆಯುವ ಕೆಲಸವನ್ನು ಒಂದು ಚಮಚವೂ ಮಾಡುತ್ತದೆ. ಅದಕ್ಕೆ ಪ್ರತಿಸಲವೂ ಹೊಸ ಚಮಚ ಬೇಕಾಗುವುದಿಲ್ಲ.

ಅಲ್ಯೂಮಿನಿಯಂ ಮರುಬಳಕೆಗೆ ಬರುತ್ತದೆ, ಆಗ ಹೊಸ ಲೋಹಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 95ರಷ್ಟು ಉಳಿಯುತ್ತದೆ ಎಂಬುದು ಎರಡನೆಯದು. ಅದೂ ನಿಜವೇ. ಆದರೆ ಉಳಿಯಬೇಕಾದರೆ ಲೋಹ ಮೊದಲು ಕುಲುಮೆಯನ್ನು ಮುಟ್ಟಬೇಕು. ಒಳಗೆ ಒದ್ದೆ ಚರಟ ತುಂಬಿಕೊಂಡಿರುವ ಒಂದು ಗ್ರಾಂ ಡಬ್ಬಿಯನ್ನು ಬಿಡಿಸಿ, ತೊಳೆದು, ಕಿಲೋ ಲೆಕ್ಕಕ್ಕೆ ಕೂಡಿಸುವವರು ಯಾರು? ಗುಜರಿಯವರು ಅದನ್ನು ಏಕೆ ಕೊಳ್ಳಬೇಕು? ಘಾಟಿಯ ತಿರುವಿನಲ್ಲಿ ಬಿದ್ದದ್ದನ್ನು ಹೆಕ್ಕಿ ತರುವ ಕಂಪನಿಯ ಗಾಡಿ ಯಾವುದು?

ಜೈವಿಕವಾಗಿ ಕೊಳೆಯುವ ಕ್ಯಾಪ್ಸೂಲುಗಳೂ ಬಂದಿವೆ ಎಂಬುದು ಮೂರನೆಯದು. ಅವುಗಳಲ್ಲಿ ಹಲವು ಸರಿಯಾಗಿ ಕೊಳೆಯಲು ದೊಡ್ಡ ಗೊಬ್ಬರ ಘಟಕದ 55-60 ಡಿಗ್ರಿ ಶಾಖ ದಿನಗಟ್ಟಲೆ ಬೇಕು. ಹಿತ್ತಲಿನ ಗೊಬ್ಬರಗುಂಡಿಯಲ್ಲಿ ಅಂಥ ಶಾಖ ಬಹುದಿನ ನಿಲ್ಲದು. ಬಂಡೆಯ ಸಂದಿಯಲ್ಲಿ, ಹಳ್ಳದ ದಂಡೆಯಲ್ಲಿ ಅಂತೂ ಸಾಧ್ಯವೇ ಇಲ್ಲ. ಹನಿಗೂಡಿದರೆ ಹಳ್ಳ ಎಂಬುದು ಕಸಕ್ಕೂ ಅನ್ವಯಿಸುವ ಮಾತು. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲೇ ತನ್ನ ಕಚೇರಿಗಳಿಗೆ ಕ್ಯಾಪ್ಸೂಲ್ ಯಂತ್ರ ಕೊಳ್ಳುವುದನ್ನು ನಿಷೇಧಿಸಿತು. ಕಸ ವಿಲೇವಾರಿಗೆ ಸಕಲ ವ್ಯವಸ್ಥೆಯಿರುವ ಶ್ರೀಮಂತ ನಗರಕ್ಕೇ ಭಾರವೆನಿಸಿದ ವಸ್ತುವನ್ನು ಒಂದು ಮಲೆನಾಡ ಗ್ರಾಮ ಪಂಚಾಯಿತಿ ಹೊರಬೇಕೆನ್ನುವುದು ಯಾವ ನ್ಯಾಯ?

ಬೆಲೆಯ ಲೆಕ್ಕವನ್ನೂ ವಿದ್ಯಾರ್ಥಿಗಳು ಮಾಡಿ ನೋಡಬೇಕು. 5 ಗ್ರಾಂ ಪುಡಿಯಿರುವ ಕ್ಯಾಪ್ಸೂಲ್ 50 ರೂಪಾಯಿಗೆ ಮಾರಾಟವಾದರೆ ಒಂದು ಕಿಲೋ ಪುಡಿಗೆ 10,000 ರೂಪಾಯಿ ತೆತ್ತಂತಾಯಿತು. ಅದರಲ್ಲಿ ಗಿಡ ಕಸಿ ಮಾಡಿದವನಿಗೆ, ಹಣ್ಣು ಕೊಯ್ದವಳಿಗೆ ಸೇರುವುದೆಷ್ಟು?

ಆಯ್ಕೆಗೆ ನಾಲ್ಕು ಪ್ರಶ್ನೆಗಳು

ಹಾಗಾದರೆ ಗಾಲಿಮನೆಗೆ ತಕ್ಕ ಸಾಧನ ಯಾವುದು? ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಅದಕ್ಕೆ ಕರೆಂಟು ಬೇಕೇ? ಪ್ರತಿಸಲ ಎಸೆಯುವಂಥದ್ದೇನಾದರೂ ಉಳಿಯುತ್ತದೆಯೇ? ಘಾಟಿಯ ಕುಲುಕಾಟಕ್ಕೆ ಒಡೆಯುತ್ತದೆಯೇ? ತೊಳೆಯಲು ಎಷ್ಟು ನೀರು ಬೇಕು?

ಕಾಗದದ ಸೋಸುಕವನ್ನು 1908ರಲ್ಲಿ ರೂಢಿಗೆ ತಂದವರು ಜರ್ಮನಿಯ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಕಾಫಿ ತಿಳಿಯಾಗಿ ಬರುತ್ತದೆ, ಕಾಗದ ಮಣ್ಣಿಗೆ ಸೇರುತ್ತದೆ; ಆದರೆ ಪ್ರತಿಸಲವೂ ಹೊಸ ಕಾಗದ ಬೇಕು. ಗಾಜಿನ ಫ್ರೆಂಚ್ ಪ್ರೆಸ್ ಚಾರ್ಮಾಡಿಯ ತಿರುವುಗಳಲ್ಲಿ ಉಳಿದರೆ ಪುಣ್ಯ. ಸ್ಟೀಲಿನದಾದರೆ ಬಾಳುತ್ತದೆ, ಆದರೆ ತಳಕ್ಕೆ ಅಂಟಿದ ಚರಟವನ್ನು ತೊಳೆಯಲು ವ್ಯಾನಿನ ತೊಟ್ಟಿಯ ಅಮೂಲ್ಯ ನೀರು ಖರ್ಚಾಗುತ್ತದೆ. ಅಮೆರಿಕದ ಅಲನ್ ಆಡ್ಲರ್ 2005ರಲ್ಲಿ ಮಾರುಕಟ್ಟೆಗೆ ತಂದ ಏರೋಪ್ರೆಸ್ ಹಗುರ, ತೊಳೆಯುವುದು ಅತಿ ಸುಲಭ. ಪ್ಲಾಸ್ಟಿಕ್ಕಿನದೆಂಬುದು ಅದರ ಕೊರತೆ, ಲೋಹದ ಜಾಲರಿ ಹಾಕಿದರೆ ಕಾಗದ ಬೇಕಿಲ್ಲ. ಇಟಲಿಯಲ್ಲಿ 1933ರಲ್ಲಿ ಬಿಯಾಲೆಟ್ಟಿ ತಂದ ಮೋಕಾ ಪಾತ್ರೆ ಅಲ್ಯೂಮಿನಿಯಮ್ಮಿನದೇ; ಆದರೆ ಅದೇ ಲೋಹ ಅಲ್ಲಿ ದಶಕಗಳ ಕಾಲ ದುಡಿಯುತ್ತದೆ. ರಬ್ಬರಿನ ಉಂಗುರ ಸವೆದರೆ ಅದನ್ನಷ್ಟೇ ಬದಲಿಸಿದರಾಯಿತು. ಕೆಳಗಿನ ಪಾತ್ರೆಯಲ್ಲಿ ಸುರಕ್ಷಾ ಕವಾಟಕ್ಕಿಂತ ಕೆಳಮಟ್ಟಕ್ಕೆ ನೀರು ತುಂಬುವ ಎಚ್ಚರವೊಂದಿದ್ದರೆ ಸಾಕು.

ಇವೆಲ್ಲವನ್ನೂ ದಾಟಿ ನಿಲ್ಲುವುದು ದಕ್ಷಿಣ ಭಾರತದ ಅಡುಗೆಮನೆಗಳ ಸ್ಟೀಲಿನ ಅಥವಾ ಹಿತ್ತಾಳೆಯ ಎರಡಂತಸ್ತಿನ ಫಿಲ್ಟರ್. ಅದಕ್ಕೆ ತಂತಿಯಿಲ್ಲ, ಕಾಗದವಿಲ್ಲ, ರಬ್ಬರಿಲ್ಲ, ಒಡೆಯುವ ಭಾಗವಿಲ್ಲ. ಕುದಿನೀರು ಹೊಯ್ದರೆ ಭೂಮಿಯ ಆಕರ್ಷಣೆಯೇ ಕಾಲುಗಂಟೆ, ಇಪ್ಪತ್ತು ನಿಮಿಷಗಳಲ್ಲಿ ಡಿಕಾಕ್ಷನ್ ಇಳಿಸಿಕೊಡುತ್ತದೆ. ಓಡುವ ಬಂಡಿಯಲ್ಲಿ ಅದು ಉರುಳೀತು ಎನ್ನುವವರು ರಾತ್ರಿ ಬಂಡಿ ನಿಲ್ಲಿಸಿದಾಗ ಹೊಯ್ದಿಟ್ಟರೆ ಬೆಳಿಗ್ಗೆಗೆ ಸಿದ್ಧ. ಅದಕ್ಕಿಂತಲೂ ಸರಳವಾದುದು ಮಲೆನಾಡಿನ ಹಳೆಯ ಪದ್ಧತಿ: ಪಾತ್ರೆಯಲ್ಲಿ ನೀರು, ಬೆಲ್ಲ, ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುವುದು. ಹಾಲು ಬೇಡವೆಂದಾದರೆ ಫ್ರಿಜ್ಜಿನ ಚಿಂತೆಯೂ ಇಲ್ಲ.

ಸ್ಟೀಲು, ಹಿತ್ತಾಳೆಗಳೂ ಗಣಿಯಿಂದಲೇ ಬರುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಬರುತ್ತವೆ. 2005ರ ಕೊನೆಗೆ ನಿಂತ ಕುದುರೆಮುಖದ ಗಣಿಯನ್ನು ಕಂಡವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ಒಮ್ಮೆ ಭೂಮಿಯಿಂದ ತೆಗೆದ ಲೋಹ ಅಜ್ಜಿಯಿಂದ ಮೊಮ್ಮಗಳಿಗೆ ಬರುವಷ್ಟು ಕಾಲ ಬಾಳಬೇಕು.

ಒಲೆ, ಬೆಂಕಿ, ನೀರು

ಅರ್ಧ ಲೀಟರ್ ನೀರು ಕಾಯಿಸಲು ಸಾಧಾರಣ ಒಲೆಯಲ್ಲಿ ಸುಮಾರು 7 ಗ್ರಾಂ ಅಡುಗೆ ಅನಿಲ ಸಾಕು. 5 ಕಿಲೋ ಸಿಲಿಂಡರಿನಲ್ಲಿ ಹೀಗೆ 700 ಬಾರಿ ಕಾಯಿಸಬಹುದು. ಬೆಳಿಗ್ಗೆ ಸಂಜೆಯಂತೆ ಹೆಚ್ಚುಕಡಿಮೆ ಒಂದು ವರ್ಷ. ಎತ್ತರದಲ್ಲಿ ನೀರು ಬೇಗ ಕುದಿಯುವುದರಿಂದ ಕಾಫಿ ಕೆಡುತ್ತದೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ; 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯಲ್ಲೂ ನೀರು 93 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕಾಫಿಗೆ ಅದು ಒಪ್ಪುವ ಶಾಖವೇ.

ಮುಚ್ಚಿದ ವ್ಯಾನಿನೊಳಗೆ ಒಲೆ ಉರಿಸುವುದು ಮಾತ್ರ ಪ್ರಾಣಾಪಾಯ. ಇಂಗಾಲದ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಮಡುಗಟ್ಟುತ್ತದೆ. ಕಿಟಕಿ ಬಾಗಿಲು ತೆರೆದೇ ಕಾಯಿಸಬೇಕು. ಹಾಗೆಂದು ಬೇಸಿಗೆಯಲ್ಲಿ ಒಣಹುಲ್ಲಿನ ನಡುವೆ ಸೌದೆ ಒಟ್ಟಿ ಬೆಂಕಿ ಹಾಕುವುದು ಇನ್ನೂ ದೊಡ್ಡ ಅಪರಾಧ. ಒಂದು ಕಿಡಿಗೆ ಇಡೀ ಗುಡ್ಡದ ಹುಲ್ಲುಗಾವಲು ಆಹುತಿಯಾದೀತು. ಚರಟವನ್ನು ಹಳ್ಳಕ್ಕೆ ಸುರಿಯದೆ ಮಣ್ಣಿನಲ್ಲಿ ಹೂಳಬೇಕು, ಪಾತ್ರೆಯನ್ನು ಹರಿವ ನೀರಿನಿಂದ ದೂರದಲ್ಲಿ, ಸೋಪಿಲ್ಲದೆ ತೊಳೆಯಬೇಕು.

ಇಲ್ಲಿ ಬೆಟ್ಟದವರೂ ಒಂದು ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ತೋಟಗಳು ಇರುವವರೆಗೆ, ಪ್ರವಾಸಿಗನ ಒಂದು ಹಿಡಿ ಚರಟಕ್ಕೆ ಬೆರಳು ತೋರಿಸುವ ನೈತಿಕ ಬಲ ಬರುವುದಾದರೂ ಹೇಗೆ? ಹೊರಗಿನವರಿಗೆ ವಿಧಿಸುವ ನಿಯಮ ಒಳಗಿನವರಿಗೂ ಇರಬೇಕು. ಆಗ ಮಾತಿಗೆ ತೂಕ ಬರುತ್ತದೆ.

ಮಾಡಬೇಕಾದದ್ದು

ಬಾಬಾಬುಡನ್ ಏಳು ಬೀಜ ತಂದು ಬಿತ್ತಿದರೆಂಬ ಐತಿಹ್ಯವಿರುವ, 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆದುಬಂದಿರುವ ಈ ಸೀಮೆ ದೇಶದ ಕಾಫಿಯಲ್ಲಿ ಬಹುಪಾಲನ್ನು ಬೆಳೆಯುವ ನಾಡಿನ ಭಾಗ. ಕಾಫಿಯನ್ನು ಹೇಗೆ ಕುಡಿಯಬೇಕೆಂದು ಹೇಳುವ ಹಕ್ಕು ಜಾಹೀರಾತಿಗಿಂತ ಮೊದಲು ಇಲ್ಲಿಯವರಿಗಿದೆ.

ಕ್ಯಾರವಾನ್ ತಂಗುದಾಣದ ಪ್ರಸ್ತಾಪ ಯಾವ ಪಂಚಾಯಿತಿಗೆ ಬಂದರೂ ಗ್ರಾಮಸಭೆಯಲ್ಲಿ ನಾಲ್ಕು ಷರತ್ತುಗಳು ಮಂಡನೆಯಾಗಬೇಕು: ಜನರೇಟರ್ ಕೂಡದು, ಬಳಸಿ ಬಿಸಾಡುವ ಕ್ಯಾಪ್ಸೂಲು, ಲೋಟ, ಸ್ಯಾಶೆಗಳು ಬಂದ ಗಾಡಿಯಲ್ಲೇ ಹಿಂದಿರುಗಬೇಕು, ಬಚ್ಚಲ ನೀರಿಗೆ ಇಂಗುಗುಂಡಿ ಇರಲೇಬೇಕು, ಹುಲ್ಲುಗಾವಲಿನಲ್ಲಿ ಬೆಂಕಿ ನಿಷಿದ್ಧ. ಇದರೊಂದಿಗೆ ಬೆಳೆಗಾರರ ಸಂಘಗಳು, ಮಹಿಳಾ ಗುಂಪುಗಳು ಆಗತಾನೆ ಹುರಿದು ಬೀಸಿದ ಪುಡಿಯನ್ನು, ಒಂದು ಫಿಲ್ಟರನ್ನು, ಸೋಸುವ ಬಟ್ಟೆಯನ್ನು ತಂಗುದಾಣದಲ್ಲೇ ಮಾರಲಿ. ಗ್ರಾಹಕನಿಗೂ ಹಣ ಉಳಿಯುತ್ತದೆ, ಬೆಳೆದವರಿಗೂ ಪಾಲು ಸಿಗುತ್ತದೆ. ಶಾಲಾ ಕಾಲೇಜುಗಳ ಪರಿಸರ ಸಂಘಗಳು ರಜೆಯ ಮರುದಿನ ಒಂದೊಂದು ನೋಟಕ ತಾಣದಲ್ಲಿ ಬಿದ್ದಿರುವುದನ್ನು ಹೆಕ್ಕಿ, ಎಣಿಸಿ, ಪಟ್ಟಿ ಮಾಡಿ ಪಂಚಾಯಿತಿಗೆ ಒಪ್ಪಿಸಲಿ. ಬರಿಯ ಆಕ್ರೋಶವನ್ನು ಬದಿಗೆ ಸರಿಸಬಹುದು, ಎಣಿಕೆಯನ್ನು ಸರಿಸುವುದು ಕಷ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಪಾಠವನ್ನು ಗಾಲಿಮನೆ ತನ್ನೊಳಗೇ ಹೊತ್ತಿದೆ: ಅಳತೆಯ ನೀರು, ಅಳತೆಯ ಶಕ್ತಿ, ಅಳತೆಯ ಜಾಗ. ಬೆಟ್ಟದ ಸ್ಥಿತಿಯೂ ಅದೇ. ಆ ಮಿತಿಯನ್ನು ಒಪ್ಪಿ, ಒಂದು ಫಿಲ್ಟರನ್ನೋ ಬಟ್ಟೆಯನ್ನೋ ಹಿಡಿದು ಬರುವವರಿಗೆ ಮಲೆನಾಡಿನ ಅಂಗಳದಲ್ಲಿ ಬಂಡಿ ನಿಲ್ಲಿಸಲು ಜಾಗವಿದೆ. ಮಿತಿಯನ್ನು ಮೀರುವ ಯಂತ್ರ ಹೊತ್ತು ಬರುವವರು ಅದರ ಕಸವನ್ನೂ ಹೊತ್ತುಕೊಂಡೇ ಘಾಟಿ ಇಳಿಯಲಿ.