ಒಂದೇ ದಿನದ ಮಳೆಗೆ ಎರಡು ನಕ್ಷೆ: ಯಾವುದು ಸುಳ್ಳು?

ಒಂದೇ ದಿನದ ಎರಡು ಮಳೆ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ‘ಅಂಕಿ ತಿದ್ದಿದ್ದಾರೆ ನೋಡಿ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ಪ್ರಾಮಾಣಿಕವಾಗಿರುವ ಸಾಧ್ಯತೆ ಇದೆ.

ಮಳೆಮಾಪಕಗಳು ಎಲ್ಲ ಊರಲ್ಲೂ ಇಲ್ಲ. ಇರುವ ಕಡೆಯ ಅಳತೆ ಹಿಡಿದು, ನಡುವಿನ ಜಾಗವನ್ನು ಲೆಕ್ಕದಿಂದ ತುಂಬಿ, ದೇಶವನ್ನು ಚೌಕಗಳಾಗಿ ಬಿಡಿಸುವುದೇ ಗ್ರಿಡ್ಡಿಂಗ್. ಭಾರತೀಯ ಹವಾಮಾನ ಇಲಾಖೆಯ ಹಳೆಯ ಆವೃತ್ತಿಯೊಂದರಲ್ಲಿ ಚೌಕದ ಅಗಲ 1 ಡಿಗ್ರಿ, ಅಂದರೆ ಸುಮಾರು 110 ಕಿ.ಮೀ. ನಂತರ ಬಂದದ್ದು 0.25 ಡಿಗ್ರಿಯದು, 1901ರಿಂದಲೂ ದಿನದ ಲೆಕ್ಕ ಅದರಲ್ಲಿದೆ. ಆಗುಂಬೆಗೂ ಮಳೆ ಕಡಿಮೆಯ ಕಡೂರಿಗೂ ನೇರ ದೂರ ಸುಮಾರು 100 ಕಿ.ಮೀ. ಅಷ್ಟೇ. ದೊಡ್ಡ ಚೌಕದಲ್ಲಿ ಘಟ್ಟದ ಜಡಿಮಳೆ ಬಯಲಿಗೂ ಹಂಚಿಹೋಗುತ್ತದೆ. ಚಿಕ್ಕ ಚೌಕದಲ್ಲಿ ಬಯಲು ಒಣಗಿಯೇ ಕಾಣುತ್ತದೆ.

ಸಾಫ್ಟ್‌ವೇರ್ ತರುವ ತೊಡಕು ಬೇರೆ. ಇಲಾಖೆಯ ಗ್ರಿಡ್ ಫೈಲುಗಳಲ್ಲಿ ಲೆಕ್ಕವಿಲ್ಲದ ಚೌಕಕ್ಕೆ, ಉದಾಹರಣೆಗೆ ಸಮುದ್ರಕ್ಕೆ, ಮಳೆಯಲ್ಲಿ -999, ತಾಪಮಾನದಲ್ಲಿ 99.9 ಎಂಬ ಗುರುತು ಇರುತ್ತದೆ. ಓದುವ ಪ್ರೋಗ್ರಾಮಿಗೆ ಇದು ಗೊತ್ತಿಲ್ಲದಿದ್ದರೆ ಅದನ್ನೂ ಸರಾಸರಿಗೆ ಸೇರಿಸಿಬಿಡುತ್ತದೆ. ಆಗ ಮಳೆಗಾಲದಲ್ಲೇ ಕರಾವಳಿಗೆ ಬರ, ಅರಬ್ಬೀ ಸಮುದ್ರಕ್ಕೆ 99.9 ಡಿಗ್ರಿ ಸೆಕೆ! ಮೀನು ಬೆಂದುಹೋಗಬೇಕಿತ್ತು.

ನೆಟ್‌ಸಿಡಿಎಫ್-4 ಮಾದರಿಯ ಫೈಲನ್ನು ಮೂರನೇ ಆವೃತ್ತಿಯ ಕಾಲದ ಪ್ರೋಗ್ರಾಂ ತೆರೆಯುವುದೇ ಇಲ್ಲ, ಎರರ್ ತೋರಿಸಿ ನಿಲ್ಲುತ್ತದೆ. ಅದೇ ವಾಸಿ. ಸದ್ದಿಲ್ಲದೆ ತಪ್ಪು ಓದಿ ಚೆಂದದ ಬಣ್ಣ ಬಳಿಯುವ ಪ್ರೋಗ್ರಾಂ ಹೆಚ್ಚು ಅಪಾಯಕಾರಿ.

ನಕ್ಷೆಯಲ್ಲಿ ಗ್ರಿಡ್ ಅಳತೆ, ದಿನಾಂಕ, ಯಾವ ದತ್ತಾಂಶ ಎಂಬುದು ಇದೆಯೇ ನೋಡಿ. ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ. ಉತ್ತರ ಸಿಗುವವರೆಗೆ, ಬಿತ್ತನೆಗೆ ಕಾಯುತ್ತಿರುವ ರೈತರ ಗುಂಪಿಗೆ ಅದನ್ನು ತಳ್ಳಬೇಡಿ.